ಬೆಟ್ಟದ ಕಾಫಿಗೆ ಅಂಗೈಯಗಲದ ಒಲೆ

ಮನೆಯ ಹೊರಗೆ ಒಲೆ ಹೂಡುವುದು ತುಮಕೂರು ಸೀಮೆಗೆ ಹೊಸದೇನಲ್ಲ. ಶಿವರಾತ್ರಿಯ ಸಮಯದಲ್ಲಿ ಸಿದ್ಧಗಂಗೆಯ ದನಗಳ ಜಾತ್ರೆಗೆ ಬರುವ ರೈತರು ತಮ್ಮ ಎತ್ತುಗಳ ಮಗ್ಗುಲಲ್ಲೇ ಮೂರು ಕಲ್ಲಿಟ್ಟು ಅಡಿಗೆ ಮಾಡಿಕೊಳ್ಳುವುದನ್ನು ಕಂಡವರು ಅನೇಕರಿದ್ದಾರೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕದ ಕಂಪೆನಿ, ಮುಂದೆ ವೀರಣ್ಣನವರ ಕಾಲದಲ್ಲಿ ನಾಡಿನುದ್ದಕ್ಕೂ ಸಂಚರಿಸಿತು. ಆ ಕಂಪೆನಿಯವರ ಬಾಯಲ್ಲಿ ‘ಕ್ಯಾಂಪ್’ ಎಂಬ ಮಾತು ಕನ್ನಡದ್ದೇ ಆಗಿಹೋಗಿತ್ತು. ಊರು ಬಿಟ್ಟು ಊರಿಗೆ ಹೋದವರಿಗೆ ಮೊದಲು ಬೇಕಾಗುವುದು ನೆರಳು, ಎರಡನೆಯದು ಒಲೆ.

ಈಗ ಆ ಒಲೆ ಅಂಗೈಯಷ್ಟಕ್ಕೆ ಇಳಿದಿದೆ. ದೇವರಾಯನದುರ್ಗಕ್ಕೋ ಹುಲಿಯೂರುದುರ್ಗಕ್ಕೋ ಹೊರಡುವ ತರುಣರ ಬೆನ್ನುಚೀಲದಲ್ಲಿ ಸುಮಾರು ನೂರು ಗ್ರಾಂ ತೂಕದ, ಮಡಿಸಿದರೆ ಮುಷ್ಟಿಯಲ್ಲಿ ಅಡಗುವ ಒಂದು ಗ್ಯಾಸ್ ಒಲೆ ಇರುತ್ತದೆ. ಅದಕ್ಕೆ ಮೂರು ಕಾಲು, ಒಂದು ತಿರುಪು, ಒಂದು ಉರಿಬಾಯಿ. ಕೆಳಗೆ ತಗಡಿನ ಗ್ಯಾಸ್ ಡಬ್ಬಿ. ಇನ್ನೊಂದು ಜಾತಿಯೂ ಉಂಟು: ಡಬ್ಬಿಯನ್ನು ಪಕ್ಕದ ಗೂಡಿನಲ್ಲಿ ಅಡ್ಡಡ್ಡಲಾಗಿ ಮಲಗಿಸುವ, ಪೆಟ್ಟಿಗೆಯಾಕಾರದ ಒಲೆ. ಮೊದಲನೆಯ ಜಾತಿಯ ಅಗ್ಗದ ಒಲೆಗಳು ಸಾವಿರ ರೂಪಾಯಿಯೊಳಗೇ ದೊರೆಯುತ್ತವೆ. ‘ಇಷ್ಟು ಅಗ್ಗದ ಒಲೆ ನಂಬಿಕೆಗೆ ಯೋಗ್ಯವೆ?’ ಎಂದು ಅನೇಕರು ಕೇಳುತ್ತಾರೆ. ನನ್ನ ಉತ್ತರ ಇಷ್ಟು. ಅಗ್ಗದ ಒಲೆ ಕೆಟ್ಟ ಒಲೆಯಲ್ಲ. ಆದರೆ ದುಬಾರಿ ಒಲೆ ತಾನೇ ಮಾಡಿಕೊಳ್ಳುವ ಕೆಲವು ಕೆಲಸಗಳನ್ನು ಇದರಲ್ಲಿ ನಾವು ಮಾಡಬೇಕು. ಗಾಳಿಯನ್ನು ತಡೆಯುವುದು, ಡಬ್ಬಿಯ ಒತ್ತಡ ಇಳಿದಾಗ ಉರಿಯನ್ನು ಸರಿದೂಗಿಸುವುದು, ಶಾಖ ಪೋಲಾಗದಂತೆ ನೋಡಿಕೊಳ್ಳುವುದು ಈ ಮೂರಕ್ಕೂ ಬೆಲೆಬಾಳುವ ಒಲೆಗಳಲ್ಲಿ ಸಾಧನಗಳಿವೆ. ಅಗ್ಗದ ಒಲೆಯಲ್ಲಿ ಆ ಸಾಧನಗಳ ಜಾಗದಲ್ಲಿ ನಮ್ಮ ತಿಳಿವಳಿಕೆ ನಿಲ್ಲಬೇಕು.

ಮೊದಲು ಡಬ್ಬಿಯೊಳಗೆ ಏನಿದೆ ಎಂಬುದನ್ನು ನೋಡೋಣ. ಒಳಗಿರುವುದು ಮುಖ್ಯವಾಗಿ ಬ್ಯುಟೇನ್. ಕೆಲವು ಡಬ್ಬಿಗಳಲ್ಲಿ ಅದರೊಡನೆ ಸ್ವಲ್ಪ ಪ್ರೊಪೇನ್. ಒತ್ತಡದಲ್ಲಿರುವುದರಿಂದ ಇವು ದ್ರವರೂಪದಲ್ಲಿರುತ್ತವೆ. ಡಬ್ಬಿಯನ್ನು ಅಲುಗಿಸಿದರೆ ಕೈಗೆ ಗೊತ್ತಾಗುವುದು ಈ ದ್ರವದ ಕುಲುಕು. ತಿರುಪು ತೆರೆದೊಡನೆ ದ್ರವ ಆವಿಯಾಗಿ, ಸೂಜಿಮೊನೆಯಂಥ ರಂಧ್ರದಿಂದ ಚಿಮ್ಮಿ, ಪಕ್ಕದ ಕಿಂಡಿಗಳಿಂದ ಗಾಳಿಯನ್ನು ತನ್ನೊಡನೆ ಎಳೆದುಕೊಂಡು ಮೇಲೆ ಉರಿಯುತ್ತದೆ. ಜರ್ಮನಿಯ ರಾಬರ್ಟ್ ಬುನ್ಸೆನ್ 1850ರ ದಶಕದಲ್ಲಿ ತನ್ನ ಪ್ರಯೋಗಶಾಲೆಯ ದೀಪಕ್ಕೆ ಅಳವಡಿಸಿದ ತತ್ತ್ವವೇ ಇದು. ಗಾಳಿ ಸಾಕಷ್ಟು ಬೆರೆತರೆ ಉರಿ ನೀಲಿ. ಸಾಲದಾದರೆ ಹಳದಿ, ಮತ್ತು ಪಾತ್ರೆಯ ತಳಕ್ಕೆ ಮಸಿ.

ಮಣ್ಣಿನ ಹೂಜಿಯ ನೀರು ಏಕೆ ತಣ್ಣಗಿರುತ್ತದೆಂಬುದು ನಮಗೆಲ್ಲ ಗೊತ್ತು. ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಹೂಜಿಯಿಂದಲೇ ತೆಗೆದುಕೊಳ್ಳುತ್ತದೆ. ಗ್ಯಾಸ್ ಡಬ್ಬಿಯೂ ಒಂದು ಹೂಜಿಯೇ. ಒಲೆ ಹತ್ತು ನಿಮಿಷ ಜೋರಾಗಿ ಉರಿದರೆ ಡಬ್ಬಿ ಕೈಗೆ ಸ್ಪಷ್ಟವಾಗಿ ತಣ್ಣಗೆ ತಾಗುತ್ತದೆ, ಹೊರಮೈಯಲ್ಲಿ ಬೆವರು ಕಟ್ಟುತ್ತದೆ. ಡಬ್ಬಿ ತಣಿದಷ್ಟೂ ಒಳಗಿನ ಒತ್ತಡ ಇಳಿಯುತ್ತದೆ, ಉರಿ ಕುಗ್ಗುತ್ತದೆ. ಬ್ಯುಟೇನ್ ಕುದಿಯುವುದು ಸುಮಾರು ಸೊನ್ನೆ ಡಿಗ್ರಿಯಲ್ಲಿ; ಅದಕ್ಕೂ ಕೆಳಗೆ ಅದು ಆವಿಯಾಗಿ ಹೊರಬರುವುದೇ ಇಲ್ಲ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯಬಲ್ಲದು. ಹಿಮಾಲಯಕ್ಕೆ ಹೋಗುವವರು ಪ್ರೊಪೇನ್ ಬೆರೆತ ಡಬ್ಬಿಯನ್ನು ಅರಸುವುದು ಇದಕ್ಕಾಗಿ. ನಮ್ಮ ಸೀಮೆಯ ಮಾಗಿಯ ಮುಂಜಾನೆಗೆ ಬ್ಯುಟೇನ್ ಸಾಕು. ಉರಿ ತೀರ ಕುಗ್ಗಿದರೆ ಡಬ್ಬಿಯ ಬುಡವನ್ನು ಎರಡು ಬೆರಳಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರಾಯಿತು. ಅದನ್ನು ಬೆಂಕಿಗೆ ಹಿಡಿದು ಕಾಯಿಸುವ ಸಾಹಸ ಯಾರಿಗೂ ಬೇಡ.

ಈ ಒಲೆಯ ದೊಡ್ಡ ಶತ್ರು ಗಾಳಿ. ಅದನ್ನು ಅರಿಯಲು ಕುಣಿಗಲ್ ಕೆರೆಯ ಏರಿಗಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಡ. ವಿಶಾಲವಾದ ನೀರಿನ ಮೇಲೆ ಅಡೆತಡೆಯಿಲ್ಲದೆ ಬರುವ ಆಷಾಢದ ಗಾಳಿ ಏರಿಯ ಮೇಲಿನ ಉರಿಯನ್ನು ಪಾತ್ರೆಯ ತಳದಿಂದ ಪಕ್ಕಕ್ಕೆ ತಳ್ಳಿಬಿಡುತ್ತದೆ. ಒಲೆ ಭರ್ರೆಂದು ಉರಿಯುತ್ತಲೇ ಇರುತ್ತದೆ, ನೀರು ಮಾತ್ರ ಕಾಯುವುದಿಲ್ಲ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಣದ ರಾಶಿಗೆ ಸರಿ, ಒಲೆಗಲ್ಲ. ಅದೇ ಏರಿಯಿಂದ ಹತ್ತು ಹೆಜ್ಜೆ ಇಳಿದು ಗಾಳಿಯ ಮರೆಯಲ್ಲಿ ಕುಳಿತರೆ ನೀಲಿಯುರಿ ನೆಟ್ಟಗೆ ನಿಲ್ಲುವುದನ್ನು ನಾನು ಪ್ರತಿಸಲವೂ ಗಮನಿಸಿದ್ದೇನೆ. ಮೂರು ಕಲ್ಲಿನ ಒಲೆ ಹೂಡುವ ಹೆಂಗಸರು ಮೊದಲು ಗಾಳಿಯ ದಿಕ್ಕನ್ನು ನೋಡಿ, ಅನಂತರ ಒಲೆಯ ಬಾಯನ್ನು ಗೊತ್ತುಮಾಡುತ್ತಾರೆ. ಆ ಕ್ರಮ ಇಲ್ಲಿಗೂ ಸಲ್ಲುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೂರು ಕಲ್ಲಿನ ಒಲೆಯಲ್ಲಿ ಬೆಂಕಿಯನ್ನು ಎಷ್ಟು ಬಿಗಿಯಾಗಿ ಸುತ್ತುಗಟ್ಟಿದರೂ ಅಪಾಯವಿಲ್ಲ. ಗ್ಯಾಸ್ ಒಲೆಯಲ್ಲಿ ಉರಿಯ ಕೆಳಗೇ ಡಬ್ಬಿಯಿದೆ. ಸುತ್ತಲೂ ಕಲ್ಲನ್ನೋ ತಗಡನ್ನೋ ಒತ್ತಾಗಿ ಜೋಡಿಸಿದರೆ ಶಾಖ ಹಿಂದಿರುಗಿ ಡಬ್ಬಿಯನ್ನು ಕಾಯಿಸುತ್ತದೆ, ಒಳಗಿನ ಒತ್ತಡ ಏರುತ್ತದೆ, ಕಡೆಗೆ ಡಬ್ಬಿ ಸಿಡಿಯಬಹುದು. ಆದ್ದರಿಂದ ಮರೆ ಗಾಳಿ ಬರುವ ದಿಕ್ಕಿಗೆ ಮಾತ್ರ ಇರಲಿ. ಉಳಿದ ಕಡೆ ತೆರೆದಿರಲಿ. ಆಗಾಗ್ಗೆ ಡಬ್ಬಿಯನ್ನು ಬೆರಳಿನಿಂದ ಮುಟ್ಟಿ ನೋಡಿ: ತಣ್ಣಗಿದ್ದರೆ ಕ್ಷೇಮ, ಬೆಚ್ಚಗಾದರೆ ಒಲೆಯನ್ನು ಕೂಡಲೇ ಆರಿಸತಕ್ಕದ್ದು. ಪೆಟ್ಟಿಗೆಯೊಲೆಯ ಮೇಲೆ ಡಬ್ಬಿಯ ಗೂಡನ್ನೂ ಮುಚ್ಚುವಷ್ಟು ಅಗಲವಾದ ಕಾವಲಿಯನ್ನು ಇಡಬಾರದೆಂಬುದೂ ಇದೇ ಕಾರಣದಿಂದ. ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಡಬ್ಬಿಯನ್ನು ಬಿಟ್ಟುಹೋಗುವುದೂ ಸಲ್ಲದು.

ಇನ್ನು ಲೆಕ್ಕ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 96 ಡಿಗ್ರಿಗೆ ಏರಿಸಲು 71 ಕಿಲೊಕ್ಯಾಲರಿ ಶಾಖ ಬೇಕು. ಒಂದು ಗ್ರಾಂ ಬ್ಯುಟೇನ್ ಉರಿದರೆ ಹತ್ತಿರಹತ್ತಿರ 11 ಕಿಲೊಕ್ಯಾಲರಿ ದೊರೆಯುತ್ತದೆ. ಶಾಖವೆಲ್ಲ ಪಾತ್ರೆಗೇ ಹೋಗುವಂತಿದ್ದರೆ ಆರೂವರೆ ಗ್ರಾಂ ಸಾಕಾಗುತ್ತಿತ್ತು. ಅರ್ಧ ಹೊರಗೆ ಹೋಗುತ್ತದೆಂದು ಇಟ್ಟುಕೊಂಡರೆ ಲೀಟರಿಗೆ 13 ಗ್ರಾಂ. ನಾಲ್ವರ ಕಾಫಿಗೆ ನೀರು, ಹಾಲು ಸೇರಿ 600 ಮಿಲಿಲೀಟರ್ ಎಂದರೆ ಸುಮಾರು ಎಂಟು ಗ್ರಾಂ. 230 ಗ್ರಾಮಿನ ಒಂದು ಡಬ್ಬಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ನಾಲ್ಕು ಮಂದಿಗೆ ಕಾಫಿಯಾಗಬೇಕು. ಗಾಳಿಗೆ ಒಲೆಯನ್ನು ಒಡ್ಡಿ, ಪಾತ್ರೆಗೆ ಮುಚ್ಚಳವಿಡದೆ ಹೋದರೆ ಈ ಲೆಕ್ಕ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ತಿರುಪನ್ನು ಪೂರ್ತಿ ತೆರೆದರೆ ನೀರು ತುಸು ಬೇಗ ಕಾದರೂ ಗ್ಯಾಸು ಹೆಚ್ಚು ಪೋಲಾಗುತ್ತದೆ. ಪಾತ್ರೆಯ ಅಂಚನ್ನು ದಾಟಿ ಮೇಲೆದ್ದ ಉರಿ ಆಕಾಶವನ್ನು ಕಾಯಿಸುತ್ತದೆ. ಅಗಲ ತಳದ ಪಾತ್ರೆ, ಮೇಲೊಂದು ಮುಚ್ಚಳ, ನಡುಮಟ್ಟದ ಉರಿ ಇಷ್ಟಿದ್ದರೆ ಸಾಕು.

96 ಡಿಗ್ರಿ ಎಂದು ಹೇಳಿದೆನಲ್ಲವೆ? ಅದು ದೇವರಾಯನದುರ್ಗದ ಲೆಕ್ಕ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಸುಮಾರು ಮುನ್ನೂರು ಮೀಟರಿಗೊಂದು ಡಿಗ್ರಿಯಂತೆ ನೀರಿನ ಕುದಿಬಿಂದು ಇಳಿಯುತ್ತದೆ. ಆ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಬೇಳೆ ಬೇಯಿಸಹೊರಟವರಿಗೆ ಇದರಿಂದ ತುಸು ವಿಳಂಬವಾದೀತು. ಕಾಫಿಗೆ ಮಾತ್ರ ಇದು ಅನುಕೂಲವೇ. ಕಾಫಿಪುಡಿಯ ಸಾರ ಹಿತವಾಗಿ ಇಳಿಯುವುದು 90ರಿಂದ 96 ಡಿಗ್ರಿಯ ನೀರಿನಲ್ಲಿ. ಅದಕ್ಕಿಂತ ಬಿಸಿಯಾದರೆ, ಅದರಲ್ಲೂ ಪುಡಿಯನ್ನೇ ಕುದಿಸಿದರೆ, ಕಹಿ ಹೆಚ್ಚುತ್ತದೆ. ಹಾಗಾಗಿ ಬೆಟ್ಟದ ಮೇಲೆ ನೀರು ಮರಳತೊಡಗಿದೊಡನೆ ಒಲೆಯನ್ನು ಆರಿಸಿ, ಪುಡಿ ಹಾಕಿ, ಮುಚ್ಚಿ, ನಾಲ್ಕು ನಿಮಿಷ ಬಿಟ್ಟು ಬಟ್ಟೆಯಲ್ಲಿ ಸೋಸಿಕೊಳ್ಳುವುದು ಉತ್ತಮ. ಬಿಟ್ಟ ನಾಲ್ಕು ನಿಮಿಷದಲ್ಲಿ ಗ್ಯಾಸೂ ಉಳಿಯಿತು, ರುಚಿಯೂ ಉಳಿಯಿತು. ಹಿತ್ತಾಳೆ ಫಿಲ್ಟರು ಹನಿಹನಿಯಾಗಿ ಇಳಿಸುವ ಡಿಕಾಕ್ಷನ್ನಿನ ಗತ್ತು ಇದಕ್ಕಿಲ್ಲವೆಂಬುದು ನಿಜ. ಅದೇ ಬೇಕೆನ್ನುವವರು ಮನೆಯಲ್ಲೇ ಇಳಿಸಿ ಸೀಸೆಯಲ್ಲಿ ತರಬಹುದು. ಆಗ ಬೆಟ್ಟದಲ್ಲಿ ಕಾಯಿಸಬೇಕಾದದ್ದು ಹಾಲು ಮಾತ್ರ.

ಹಾಲಿನ ವಿಷಯದಲ್ಲಿ ಮಾತ್ರ ಕಣ್ಣು ಕದಲಕೂಡದು. ಮನೆಯಲ್ಲಿ ಹಾಲುಕ್ಕಿದರೆ ಒಲೆಕಟ್ಟೆ ಕೊಳೆಯಾಗುತ್ತದೆ. ಇಲ್ಲಿ ಹಾಲುಕ್ಕಿದರೆ ಉರಿ ಆರಿ, ತೆರೆದ ತಿರುಪಿನಿಂದ ಗ್ಯಾಸು ಸದ್ದಿಲ್ಲದೆ ಹರಿಯುತ್ತಲೇ ಇರುತ್ತದೆ. ಮೊದಲು ತಿರುಪು ಮುಚ್ಚಬೇಕು. ಕೆಲವು ನಿಮಿಷ ಗಾಳಿಯಾಡಿದ ಮೇಲೆ ಒರೆಸಿ, ಅನಂತರ ಕಡ್ಡಿ ಗೀರಬೇಕು.

ಹೀಗೆ ಹರಿದ ಗ್ಯಾಸು ಎಲ್ಲಿಗೆ ಹೋಗುತ್ತದೆ? ಬ್ಯುಟೇನ್ ಗಾಳಿಗಿಂತ ಎರಡರಷ್ಟು ಭಾರ. ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹೋಗುತ್ತದೆ. ಗುಬ್ಬಿಯ ಸುತ್ತಿನ ಅಡಿಕೆ, ತೆಂಗಿನ ತೋಟಗಳಲ್ಲಿ ವಿಶ್ರಮಿಸುವವರು ಇದನ್ನು ನೆನಪಿನಲ್ಲಿಡಬೇಕು. ತೋಟದಲ್ಲಿ ಗಾಳಿ ಮಂದ, ನೆಲದಲ್ಲಿ ಬಸಿಗಾಲುವೆ. ಕಾಲುವೆಯ ತಗ್ಗಿನಲ್ಲಿ ಒಲೆ ಇಟ್ಟರೆ ಗಾಳಿಯ ಕಾಟ ತಪ್ಪುತ್ತದೆಂದು ತೋರಬಹುದು. ಸೋರಿದ ಗ್ಯಾಸು ಬಂದು ನಿಲ್ಲುವುದೂ ಅಲ್ಲೇ. ಒಲೆಯ ಸ್ಥಾನ ಸಮತಟ್ಟಾದ, ತೆರೆದ ನೆಲ. ಸುತ್ತ ಬಿದ್ದ ಒಣ ಸೋಗೆಯನ್ನು, ಗರಿಯನ್ನು ಎರಡು ಮಾರು ದೂರಕ್ಕೆ ಸರಿಸಿ ಕುಳಿತುಕೊಳ್ಳಬೇಕು. ಡಬ್ಬಿಯನ್ನು ತಿರುಚಿ ಕೂರಿಸುವ ಮುನ್ನ ಒಳಗಿನ ರಬ್ಬರ್ ವಾಷರನ್ನು ನೋಡಿ; ಬಿರಿದಿದ್ದರೆ ಅಂದು ಒಲೆ ಬೇಡ. ಕೂರಿಸಿದ ಮೇಲೆ ಸೋಪಿನ ನೀರನ್ನು ಸಂದಿಗೆ ಸವರಿದರೆ, ಸೋರಿಕೆಯಿದ್ದಲ್ಲಿ ಗುಳ್ಳೆ ಏಳುತ್ತದೆ. ಗ್ಯಾಸಿಗೆ ಸ್ವತಃ ವಾಸನೆಯಿಲ್ಲ. ಮೂಗಿಗೆ ಗೊತ್ತಾಗಲೆಂದೇ ನಾರುವ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಆ ನಾತವನ್ನು ಅಲಕ್ಷಿಸಬಾರದು.

ವಾಸನೆಯೇ ಇಲ್ಲದ ಅಪಾಯವೊಂದಿದೆ, ಇಂಗಾಲದ ಮೊನಾಕ್ಸೈಡ್. ಚಳಿಯೆಂದೋ ಮಳೆಯೆಂದೋ ಗುಡಾರದ ಬಾಯಿ ಮುಚ್ಚಿ, ಇಲ್ಲವೆ ಕಾರಿನ ಗಾಜು ಏರಿಸಿ ಒಳಗೆ ಒಲೆ ಹಚ್ಚಿದರೆ, ಆಮ್ಲಜನಕ ಸಾಲದೆ ಗ್ಯಾಸು ಅರೆಬರೆ ಉರಿದು ಈ ವಿಷ ಹುಟ್ಟುತ್ತದೆ. ಇದು ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು. ಮಂಪರನ್ನು ದಣಿವೆಂದು ತಿಳಿದು ಮಲಗಿದವರು ಏಳದೆಯೇ ಹೋಗಬಹುದು. ಗುಡಾರದೊಳಗೆ ಒಲೆ ಬೇಡವೆಂಬ ಮಾತಿಗೆ ವಿನಾಯಿತಿ ಇಲ್ಲ.

ತೆಂಗಿನ ಸೀಮೆಯಲ್ಲಿ ಚಿಪ್ಪು, ಮಟ್ಟೆ, ಸೋಗೆಗಳಿಗೆ ಬರವೇ? ಗ್ಯಾಸಿನ ಹಂಗೇಕೆ? ಎಂದು ಕೇಳುವವರುಂಟು. ತೋಟದ ಮನೆಯ ಅಂಗಳದಲ್ಲಿ ಆ ಮಾತು ಸರಿ. ಶಿಂಷಾ, ಜಯಮಂಗಲಿ ನದಿಗಳು ಹುಟ್ಟುವ ದೇವರಾಯನದುರ್ಗದ ಕಾಡಿನಲ್ಲಿ ಅಲ್ಲ. ಅದು ಎಲೆಯುದುರುವ ಕಾಡು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿಯ ಇಳಿಜಾರಿನ ಹುಲ್ಲು ಒಣಗಿ ಬತ್ತಿಯಂತಾಗಿರುತ್ತದೆ. ಸೌದೆಯೊಲೆಯಿಂದ ಹಾರಿದ ಒಂದು ಕಿಡಿ ಗಾಳಿಗೆ ಸಿಕ್ಕರೆ ಬೆಂಕಿ ಮೇಲುಮೇಲಕ್ಕೆ ಓಡುತ್ತದೆ. ಇಳಿಜಾರಿನಲ್ಲಿ ಉರಿ ತನ್ನ ಮುಂದಿನ ಹುಲ್ಲನ್ನು ತಾನೇ ಕಾಯಿಸಿಕೊಳ್ಳುತ್ತ ಏರುತ್ತದೆ. ಗ್ಯಾಸೊಲೆಗೆ ಕಿಡಿಯಿಲ್ಲ, ಕೆಂಡವಿಲ್ಲವೆಂಬುದು ಅದರ ದೊಡ್ಡ ಗುಣ. ಆದರೂ ಗ್ಯಾಸಿನದೆಂಬ ಮಾತ್ರಕ್ಕೆ ಬೆಂಕಿ ಬೆಂಕಿಯಲ್ಲವೆಂದಾಗುವುದಿಲ್ಲ. ಮಗುಚಿದ ಒಲೆ ಹುಲ್ಲನ್ನು ಹತ್ತಿಸಲು ಒಂದು ಕ್ಷಣ ಸಾಕು. 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಆದ್ದರಿಂದ ಒಲೆಯ ಬಳಕೆ ಕಾಡಿನ ಹೊರಗೆ, ಅನುಮತಿ ಇರುವಲ್ಲಿ, ಬರಿಯ ಬಂಡೆಯ ಮೇಲೋ ಮಣ್ಣಿನ ನೆಲದ ಮೇಲೋ ಆಗಬೇಕು. ಕಾಡಿನೊಳಕ್ಕೆ ಹೋಗುವವರು ಬೆಟ್ಟದ ಬುಡದಲ್ಲೇ ಕಾಫಿ ಮಾಡಿ ಫ್ಲಾಸ್ಕಿಗೆ ತುಂಬಿಕೊಂಡು ಹತ್ತಲಿ. ಅಲ್ಲಿಯ ಕಾಡಿಗೆ ಹೋಲಿಸಿದರೆ ನಮ್ಮ ಒಂದು ಲೋಟ ಕಾಫಿ ಬಹಳ ಸಣ್ಣದು.

ಕಡೆಯದಾಗಿ ಡಬ್ಬಿಯ ಮಾತು. ಒಮ್ಮೆ ಬಳಸಿ ಬಿಡತಕ್ಕ ಈ ಡಬ್ಬಿಗಳಿಗೆ ಮನೆಯ ಸಿಲಿಂಡರಿನಿಂದ ಗ್ಯಾಸು ತುಂಬಿಕೊಡುವವರು ಅಲ್ಲಲ್ಲಿ ಇದ್ದಾರೆ. ಕೆಲವು ರೂಪಾಯಿ ಉಳಿಯುವುದೂ ನಿಜ. ಆದರೆ ಅಡಿಗೆ ಅನಿಲದಲ್ಲಿ ಪ್ರೊಪೇನ್ ಕೂಡ ಇರುವುದರಿಂದ ಅದರ ಒತ್ತಡ ಬರಿಯ ಬ್ಯುಟೇನಿಗಿಂತ ಬಹಳ ಹೆಚ್ಚು. ಬ್ಯುಟೇನಿಗೆಂದು ಮಾಡಿದ ತೆಳುತಗಡು ಅದನ್ನು ತಾಳಲೆಂದು ಮಾಡಿದ್ದಲ್ಲ. ಮೇಲಾಗಿ, ದ್ರವ ಬಿಸಿಗೆ ಹಿಗ್ಗಲು ಡಬ್ಬಿಯಲ್ಲಿ ಜಾಗ ಬಿಟ್ಟಿರಬೇಕು. ಅಂದಾಜಿನ ಮೇಲೆ ತುಂಬುವವನಿಗೆ ಆ ಜಾಗ ಕಾಣುವುದಿಲ್ಲ. ಅಗ್ಗದ ಒಲೆಯನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ, ಅಗ್ಗವಾಗಿ ತುಂಬಿಸಿದ ಡಬ್ಬಿಯಲ್ಲಿ ಪ್ರಾಣಾಪಾಯವಿದೆ. ರೈಲಿನಲ್ಲಿ ಗ್ಯಾಸ್ ಡಬ್ಬಿ ಒಯ್ಯಲು ಕಾನೂನಿನ ಅಡ್ಡಿಯಿದೆ. ಬೆಂಗಳೂರಿನಿಂದ ತುಮಕೂರಿಗೋ ಗುಬ್ಬಿಗೋ ರೈಲಿನಲ್ಲಿ ಬರುವವರು ಒಲೆಯನ್ನಷ್ಟೇ ತಂದು, ಡಬ್ಬಿಯನ್ನು ಇಳಿದ ಊರಿನಲ್ಲಿ ಕೊಳ್ಳುವುದು ಸರಿ. ಖಾಲಿಯಾದ ಡಬ್ಬಿಯನ್ನು ಪೊದೆಗೆ ಎಸೆಯದೆ, ಬೆಂಕಿಗೆ ಹಾಕದೆ ಊರಿಗೆ ಹಿಂದಕ್ಕೆ ತರಬೇಕು.

ಕಾಫಿ ಕುಡಿದಾದ ಮೇಲೆ ಅವಸರ ಬೇಡ. ಉರಿಬಾಯಿ ಆರುವವರೆಗೆ ಕಾದು ಡಬ್ಬಿಯನ್ನು ಬಿಚ್ಚಿ, ಒಲೆಯನ್ನು ಮಡಿಸಿ ಚೀಲಕ್ಕೆ ಸೇರಿಸಿ. ಹೊರಡುವ ಮುನ್ನ ಒಲೆಯಿದ್ದ ಜಾಗಕ್ಕೆ ಒಮ್ಮೆ ಅಂಗೈ ಊರಿ ನೋಡಿ. ನೆಲ ತಣ್ಣಗಿದ್ದರೆ ಹೊರಡಬಹುದು.