ಪ್ರೋಟಾನಿನ ಗಿರಕಿ: ತಾಳೆಯಾಗದ ಲೆಕ್ಕ

ಎಂ.ಆರ್.ಐ. ಯಂತ್ರದೊಳಗೆ ಮಲಗಿ ಎದ್ದು ಬಂದವರು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ಅಲ್ಲಿ ಚಿತ್ರ ಮೂಡಿಸುವುದು ಮುಖ್ಯವಾಗಿ ನಮ್ಮ ಮೈಯ ನೀರಿನಲ್ಲಿರುವ ಜಲಜನಕದ ಪ್ರೋಟಾನುಗಳು. ಅವಕ್ಕೆ 'ಸ್ಪಿನ್' ಎಂಬ ಗುಣವಿದೆ. ನಾವು ಗಿರಕಿ ಎನ್ನೋಣ. ಬುಗರಿಯಂತೆ ನಿಜಕ್ಕೂ ತಿರುಗುತ್ತದೆಂದು ಭಾವಿಸಬಾರದು. ಆದರೂ ಆ ಗಿರಕಿಯ ದೆಸೆಯಿಂದಲೇ ಪ್ರೋಟಾನು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಅದರ ಅಳತೆ ಅರ್ಧ ಎಂಬುದು 1927ರಲ್ಲೇ ಗೊತ್ತಾಗಿತ್ತು. ಆ ಅರ್ಧ ಎಲ್ಲಿಂದ ಬಂತು?

ಒಂದು ಕಾಲದಲ್ಲಿ ಇದಕ್ಕೆ ಸುಲಭದ ಉತ್ತರವಿತ್ತು. ಪ್ರೋಟಾನಿನೊಳಗೆ ಮೂರು ಕ್ವಾರ್ಕುಗಳು, ಒಂದೊಂದರ ಗಿರಕಿಯೂ ಅರ್ಧ. ಎರಡು ಒಂದು ಕಡೆಗೆ, ಇನ್ನೊಂದು ವಿರುದ್ಧ. ಕೂಡಿ ಕಳೆದರೆ ಅರ್ಧ. ಕುತೂಹಲದಿಂದ ಕೇಳಿದ ಮಕ್ಕಳಿಗೆ ನಾನೂ ಹೀಗೆ ಹೇಳಿದ್ದುಂಟು.

1987ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಈ ಲೆಕ್ಕ ಕೆಟ್ಟಿತು. ಗಿರಕಿಯನ್ನು ಒಂದೇ ದಿಕ್ಕಿಗೆ ಸಾಲುಗೊಳಿಸಿದ ಮ್ಯುವಾನು ಕಣಗಳನ್ನು, ಹಾಗೆಯೇ ಸಾಲುಗೊಳಿಸಿದ ಪ್ರೋಟಾನುಗಳ ಮೇಲೆ ಹಾಯಿಸಿದಾಗ ಕ್ವಾರ್ಕುಗಳ ಪಾಲು ತೀರ ಅಲ್ಪವೆಂದು ಕಂಡಿತು. ಮುಂದಿನ ಪ್ರಯೋಗಗಳು ಅದನ್ನು ಸುಮಾರು ನೂರಕ್ಕೆ 30ಕ್ಕೆ ತಂದು ನಿಲ್ಲಿಸಿದವು. ಮಿಕ್ಕದ್ದು ಎಲ್ಲಿ?

ಕ್ವಾರ್ಕುಗಳನ್ನು ಬಿಗಿದು ಹಿಡಿದ ಗ್ಲುವಾನುಗಳ ಮೇಲೆ ಸಂಶಯ ಹೋಯಿತು. ಗ್ಲುವಾನಿಗೆ ವಿದ್ಯುದಾವೇಶವಿಲ್ಲ, ಮ್ಯುವಾನು ಅದನ್ನು ನೇರವಾಗಿ ಮುಟ್ಟಲಾರದು. ಪ್ರೋಟಾನಿಗೆ ಪ್ರೋಟಾನನ್ನೇ ಡಿಕ್ಕಿ ಹೊಡೆಸಿದರೆ ಗ್ಲುವಾನೂ ಸಿಕ್ಕಿಬೀಳುತ್ತದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ, 3.8 ಕಿಲೋಮೀಟರ್ ಸುತ್ತಳತೆಯ 'ರಿಕ್' ಯಂತ್ರದಲ್ಲಿ, ಸಾಲುಗೊಳಿಸಿದ ಪ್ರೋಟಾನುಗಳ ಡಿಕ್ಕಿ 2001ರ ಕೊನೆಗೆ ಆರಂಭವಾಯಿತು.

ಸಾಲುಗೊಳಿಸುವುದಕ್ಕಿಂತ ಸಾಲು ಕೆಡದಂತೆ ಕಾಯುವುದೇ ಕಷ್ಟ (ಶಾಲೆಯ ಅಸೆಂಬ್ಲಿ ನಡೆಸಿದವರಿಗೆ ಇದು ಗೊತ್ತು). ಪ್ರೋಟಾನು ಸೆಕೆಂಡಿಗೆ ಸುಮಾರು 78,000 ಸುತ್ತು ಹಾಕುತ್ತದೆ. ದಾರಿಯ ಅಯಸ್ಕಾಂತಗಳ ಸಣ್ಣ ಓರೆಕೋರೆಗಳು ಸುತ್ತಿನಿಂದ ಸುತ್ತಿಗೆ ಕೂಡಿಕೊಂಡು ಗಿರಕಿಯನ್ನು ವಾಲಿಸಿಬಿಡುತ್ತವೆ. ಇದಕ್ಕೆ ಮದ್ದನ್ನು ಸೈಬೀರಿಯದ ನೊವೊಸಿಬಿರ್ಸ್ಕ್ ನಗರದ ದೆರ್ಬೆನೆವ್ ಮತ್ತು ಕೊಂದ್ರಾತೆಂಕೊ ಎಂಬವರು 1970ರ ದಶಕದಲ್ಲೇ ಸೂಚಿಸಿದ್ದರು. ನಡುದಾರಿಯಲ್ಲಿ ಗಿರಕಿಯನ್ನು ಬುಡಮೇಲು ಮಾಡುವ ಅಯಸ್ಕಾಂತಗಳನ್ನು ಇಡುವುದು. ಆಗ ಒಮ್ಮೆ ಇತ್ತ ವಾಲಿದ್ದು ಮತ್ತೊಮ್ಮೆ ಅತ್ತ ವಾಲಿ ಸರಿಹೋಗುತ್ತದೆ. ಕಣಗಳು ಇದರೊಳಗೆ ಬಳುಕಿ ಸಾಗುವುದರಿಂದ ಇದಕ್ಕೆ 'ಸೈಬೀರಿಯದ ಹಾವು' ಎಂದೇ ಹೆಸರು.

ಎದುರುಬದುರಾದ ಪ್ರೋಟಾನುಗಳ ಗಿರಕಿ ಒಂದೇ ದಿಕ್ಕಿಗಿದ್ದಾಗ ಎಷ್ಟು ಕಣಗಳು ಸಿಡಿದವು, ವಿರುದ್ಧವಿದ್ದಾಗ ಎಷ್ಟು ಎಂದು ಎಣಿಸಿದರು. ವ್ಯತ್ಯಾಸ ಅತಿ ಸಣ್ಣದು. ಅಪಾರ ಸಂಖ್ಯೆಯ ಡಿಕ್ಕಿಗಳನ್ನು ನೋಡಿದರೆ ಮಾತ್ರ ತಿಳಿಯುವಂಥದ್ದು. 2009ರಲ್ಲಿ ಸಂಗ್ರಹಿಸಿದ ಅಂಕಿಗಳನ್ನು ಸೇರಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಗ್ಲುವಾನುಗಳಿಗೂ ಗಣನೀಯ ಪಾಲಿದೆ ಎಂದು ಕಂಡುಬಂತು.

ಆದರೂ ಖಾತೆ ಮುಗಿದಿಲ್ಲ. ಬಹಳ ಕಡಿಮೆ ವೇಗಬಲದ ಗ್ಲುವಾನುಗಳ ಗುಂಪು ರಿಕ್‌ನ ಅಳತೆಗೆ ಸಿಗಲಿಲ್ಲ. ಕ್ವಾರ್ಕು, ಗ್ಲುವಾನುಗಳು ಪ್ರೋಟಾನಿನೊಳಗೆ ಸುತ್ತಾಡುವುದರಿಂದ ಬರುವ ಪಾಲೂ ಬಾಕಿ ಇದೆ. ಇದಕ್ಕಾಗಿ ಎಲೆಕ್ಟ್ರಾನನ್ನು ಪ್ರೋಟಾನಿಗೆ ಡಿಕ್ಕಿ ಹೊಡೆಸುವ ಹೊಸ ಯಂತ್ರವೊಂದನ್ನು ಕಟ್ಟಲು 2020ರಲ್ಲಿ ಬ್ರೂಕ್‌ಹೇವನ್ನನ್ನೇ ಆರಿಸಲಾಯಿತು. ಅಲ್ಲಿ ಎರಡೂ ಕಣಗಳ ಗಿರಕಿಯನ್ನು ಸಾಲುಗೊಳಿಸುವ ಯೋಜನೆಯಿದೆ.