ತುಟಿ ಮೊದಲು, ದನಿ ಆಮೇಲೆ

ಟಿವಿಯ ಸಣ್ಣ ಸ್ಪೀಕರ್‌ಗಳ ದನಿ ಸಾಲದೆಂದು, ಷೋಕೇಸಿನ ಮೇಲೆ ಕೂತಿರುವ ಸ್ಮಾರ್ಟ್ ಸ್ಪೀಕರನ್ನೇ ಮನೆಯ ವೈಫೈ ಮೂಲಕ ಟಿವಿಗೆ ಜೋಡಿಸಿಕೊಳ್ಳುವವರು ಈಗ ಬಹಳ ಜನ. ಆಪ್ ತೆರೆದು ನಾಲ್ಕಾರು ಸಲ ‘ನೆಕ್ಸ್ಟ್’ ಒತ್ತಿದರೆ ಜೋಡಣೆ ಮುಗಿಯುತ್ತದೆ. ಕೆಲವು ಮನೆಗಳಲ್ಲಿ ತೊಂದರೆ ಶುರುವಾಗುವುದು ಸಿನಿಮಾ ಹಾಕಿದ ಮೇಲೆ. ನಾಯಕನ ತುಟಿ ಅಲುಗಿದ ಮೇಲೆ ಮಾತು ಬರುತ್ತದೆ; ಬಾಗಿಲು ಮುಚ್ಚಿಕೊಂಡ ಮೇಲೆ ‘ಧಡ್’ ಅನ್ನುತ್ತದೆ. ನೋಡುತ್ತ ಕೂತವರ ತೀರ್ಮಾನ ಸಾಮಾನ್ಯವಾಗಿ ಒಂದೇ: ನೆಟ್ ಸ್ಲೋ ಇದೆ. ಹಾಗಾಗಿ 40 ಎಂಬಿಪಿಎಸ್ ಪ್ಲಾನು 100ಕ್ಕೆ ಏರುತ್ತದೆ, 100ರದ್ದು 300ಕ್ಕೆ. ತಿಂಗಳ ಬಿಲ್ಲು ಹೆಚ್ಚುತ್ತದೆ, ದನಿ ಮಾತ್ರ ತುಟಿಯ ಹಿಂದೆಯೇ ಉಳಿಯುತ್ತದೆ.

ಈ ಖರ್ಚು ಬೇಕಿರಲಿಲ್ಲ. ದನಿ ವೈಫೈಗೆ ದೊಡ್ಡ ಹೊರೆಯೇ ಅಲ್ಲ. ಸಿಡಿ ಗುಣಮಟ್ಟದ ಸ್ಟೀರಿಯೊ ಸಂಗೀತವನ್ನು ಒಂದಿಷ್ಟೂ ಕುಗ್ಗಿಸದೆ ಕಳಿಸಿದರೂ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್, ಅಂದರೆ 1.4 ಎಂಬಿಪಿಎಸ್ ಸಾಕು. ಅಲ್ಲದೆ ಟಿವಿಯಿಂದ ಸ್ಪೀಕರ್‌ಗೆ ಹೋಗುವ ದನಿ ಮನೆಯ ರೌಟರ್‌ವರೆಗೆ ಹೋಗಿ ಅಲ್ಲಿಂದಲೇ ತಿರುಗಿ ಬರುತ್ತದೆ. ಬೀದಿಯ ಫೈಬರ್ ಕೇಬಲ್ಲಿಗೆ ಇಳಿಯುವುದೇ ಇಲ್ಲ. ಪ್ಲಾನ್ ಯಾವುದಾದರೂ ಆ ದಾರಿ ಅಷ್ಟೇ ಇರುತ್ತದೆ. ಎಷ್ಟು ದತ್ತಾಂಶ ಬಂತು ಅನ್ನುವುದಕ್ಕಿಂತ ಯಾವ ಗಳಿಗೆಯಲ್ಲಿ ಬಂತು ಅನ್ನುವುದೇ ಇಲ್ಲಿ ಮುಖ್ಯ.

ಬಾಯಿಮಾತಿನಲ್ಲಿ ಕೊಡುವ ಆಜ್ಞೆಯ ಕಥೆ ಬೇರೆ. ‘ಅಲೆಕ್ಸಾ, ಟರ್ನ್ ಆನ್ ದ ಟಿವಿ’ ಅಂದಾಗ ಆ ಮಾತು ನಿಜಕ್ಕೂ ಊರು ಬಿಟ್ಟು ಹೋಗಿ ಬರುತ್ತದೆ. ಅಮೆರಿಕದಲ್ಲಿ 2014ರ ನವೆಂಬರಿನಲ್ಲಿ ಬಂದ ಮೊದಲ ಅಮೆಜಾನ್ ಎಕೋ ಸ್ಪೀಕರಿನ ನೆತ್ತಿಯ ಮೇಲೆ ಏಳು ಮೈಕುಗಳಿದ್ದವು. ಏಳು ಯಾಕೆ? ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎರಡು ಮೈಕುಗಳ ನಡುವೆ ಏಳು ಸೆಂಟಿಮೀಟರ್ ಅಂತರವಿದ್ದರೆ, ಒಂದಕ್ಕೆ ತಲುಪಿದ ದನಿ ಇನ್ನೊಂದಕ್ಕೆ ತಲುಪುವಾಗ ಹೆಚ್ಚೆಂದರೆ ಸೆಕೆಂಡಿನ ಐದು ಸಾವಿರದಲ್ಲೊಂದು ಪಾಲು ತಡವಾಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಅಳೆದೇ ಯಂತ್ರ ನೀವು ಯಾವ ದಿಕ್ಕಿನಲ್ಲಿ ಕೂತಿದ್ದೀರಿ ಎಂದು ತಿಳಿದುಕೊಂಡು, ಆ ದಿಕ್ಕಿನ ದನಿಯನ್ನು ಎತ್ತಿ ಹಿಡಿದು ಉಳಿದದ್ದನ್ನು ತಗ್ಗಿಸುತ್ತದೆ. ಕರೆಯುವ ಹೆಸರನ್ನು ಗುರುತಿಸುವ ಕೆಲಸ ಪೆಟ್ಟಿಗೆಯ ಒಳಗೇ ಆಗುತ್ತದೆ. ಮುಂದಿನ ಮಾತು ಸಾಮಾನ್ಯವಾಗಿ ರೌಟರ್ ದಾಟಿ ಕಂಪನಿಯ ಸರ್ವರ್‌ಗೆ ಹೋಗಬೇಕು. ಅಲ್ಲಿ ಅದು ಅಕ್ಷರವಾಗಿ, ಅಕ್ಷರದಿಂದ ಅರ್ಥವಾಗಿ, ‘ಈ ಮನೆಯ ಟಿವಿ ಇಂಥ ಕಂಪನಿಯದು’ ಎಂಬ ದಾಖಲೆ ನೋಡಿಕೊಂಡು, ಹಲವು ಸಲ ಆ ಟಿವಿ ಕಂಪನಿಯ ಸರ್ವರನ್ನೂ ಹಾದು ನಿಮ್ಮ ಮನೆಯ ಟಿವಿಗೆ ಮರಳುತ್ತದೆ. ಸೋಫಾದಿಂದ ಟಿವಿಗೆ ಹತ್ತಡಿ; ಮಾತು ತಿರುಗಿದ ದಾರಿ ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್.

ಆದರೂ ಈ ದೂರದಿಂದ ಆಗುವ ತಡ ಅಲ್ಪ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಾವಿರ ಕಿಲೋಮೀಟರ್ ಹೋಗಿ ಬರಲು ಅದಕ್ಕೆ ಹತ್ತು ಮಿಲಿಸೆಕೆಂಡ್ ಸಾಕು. ನಮಗೆ ತಡವೆನ್ನಿಸುವುದರಲ್ಲಿ ದೊಡ್ಡ ಪಾಲು ಬೇರೆಯದು: ನೀವು ಮಾತು ಮುಗಿಸಿದಿರೋ, ಇನ್ನೊಂದು ಪದ ಬಾಕಿ ಇದೆಯೋ ಎಂದು ಖಚಿತಪಡಿಸಿಕೊಳ್ಳಲು ಯಂತ್ರ ಒಂದಿಷ್ಟು ಮೌನವನ್ನು ಕಾಯಲೇಬೇಕು. ಈ ಸುತ್ತುದಾರಿಯ ನಿಜವಾದ ದೋಷ ಕಾಣುವುದು ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ ದಿನ. ಟಿವಿ ಸರಿಯಿದೆ, ಸ್ಪೀಕರ್ ಸರಿಯಿದೆ, ವೈಫೈ ಕೂಡ ಉರಿಯುತ್ತಿದೆ. ಆದರೆ ಪಕ್ಕದ ಪೆಟ್ಟಿಗೆಗೆ ಮಾತು ಮುಟ್ಟದು. ಮನೆಯೊಳಗಿನ ಎರಡು ಸಲಕರಣೆಗಳು ಮನೆಯೊಳಗೇ ಮಾತಾಡಿಕೊಳ್ಳುವಂತಿರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ಅಮೆಜಾನ್, ಗೂಗಲ್, ಆಪಲ್ ಮುಂತಾದ ಕಂಪನಿಗಳು ಸೇರಿ 2022ರ ಅಕ್ಟೋಬರಿನಲ್ಲಿ ಹೊರತಂದ ‘ಮ್ಯಾಟರ್’ ಎಂಬ ಸಮಾನ ಮಾನದಂಡದ ಆಶಯವೂ ಅದೇ. ಹೊಸ ಟಿವಿ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಆ ಹೆಸರಿದೆಯೇ ಎಂದು ನೋಡುವುದು ಒಳ್ಳೆಯದು.

ಒಂದೇ ಮನೆಯಲ್ಲಿದ್ದರೂ ಎರಡೂ ಸಲಕರಣೆಗಳು ಮೊದಲು ಒಂದನ್ನೊಂದು ಪತ್ತೆಹಚ್ಚಿಕೊಳ್ಳಬೇಕು. ಅದಕ್ಕಾಗಿ ಅವು ವೈಫೈ ಜಾಲದಲ್ಲಿ ಎಲ್ಲರಿಗೂ ಕೇಳುವಂತೆ ಕೂಗು ಹಾಕುತ್ತವೆ. 224.0.0.251 ಎಂಬ ವಿಳಾಸ ಯಾವುದೇ ಒಂದು ಯಂತ್ರದ್ದಲ್ಲ. ‘ಇಲ್ಲಿ ಟಿವಿ ಯಾರಾದರೂ ಇದ್ದೀರಾ?’ ಎಂಬಂಥ ಪ್ರಶ್ನೆಗಳನ್ನು ಹಾಕಲೆಂದೇ ಮೀಸಲಿಟ್ಟದ್ದು. ಇದ್ದವರು ಹೆಸರು, ಕೆಲಸ ಹೇಳಿ ಉತ್ತರಿಸುತ್ತಾರೆ. ಈ ಕೂಗಿಗೆ ಎರಡು ಮಿತಿಗಳಿವೆ. ಸಾಮಾನ್ಯ ವೈಫೈ ಸಂದೇಶ ತಲುಪಿದಾಗ ‘ಬಂತು’ ಎಂಬ ಮರುನುಡಿ ಬರುತ್ತದೆ, ಬರದಿದ್ದರೆ ಸಂದೇಶ ಮತ್ತೆ ಹೋಗುತ್ತದೆ. ರೌಟರ್ ಎಲ್ಲರಿಗೂ ಬಿತ್ತುವ ಕೂಗಿಗೆ ಮರುನುಡಿಯಿಲ್ಲ. ಗದ್ದಲದಲ್ಲಿ ಕಳೆದುಹೋದರೆ ಹೋಯಿತು. ಆಪ್ ಒಮ್ಮೆ ‘ಡಿವೈಸ್ ಸಿಗಲಿಲ್ಲ’ ಅಂದು, ಏನೂ ಬದಲಾಯಿಸದೆ ಮತ್ತೆ ಹುಡುಕಿದಾಗ ತೋರಿಸುವುದುಂಟಲ್ಲ, ಅದಕ್ಕೆ ಇದೂ ಒಂದು ಕಾರಣ. ಎರಡನೆಯದು, ಈ ಕೂಗು ತನ್ನ ಜಾಲದ ಗಡಿ ದಾಟುವುದಿಲ್ಲ. ಕೆಳಗಿನ ಮಹಡಿಯಲ್ಲಿ ಫೈಬರ್ ಕಂಪನಿ ಕೊಟ್ಟ ರೌಟರ್, ಮೇಲೆ ಸಿಗ್ನಲ್ ಸಾಲದೆಂದು ಅಂಗಡಿಯಿಂದ ತಂದು ಸಿಕ್ಕಿಸಿದ ಇನ್ನೊಂದು ರೌಟರ್: ನೋಡುವವರಿಗೆ ಒಂದೇ ವೈಫೈ, ಯಂತ್ರಗಳ ಲೆಕ್ಕದಲ್ಲಿ ಎರಡು ಬೇರೆ ಮನೆ. ಮೇಲಿನ ರೌಟರನ್ನು ‘ಆಕ್ಸೆಸ್ ಪಾಯಿಂಟ್’ ಮೋಡ್‌ಗೆ ಬದಲಿಸಿದರೆ ಎರಡೂ ಒಂದಾಗುತ್ತವೆ. ಹಾಸ್ಟೆಲ್, ಪಿಜಿ, ಹೋಟೆಲುಗಳ ವೈಫೈನಲ್ಲಿ ಒಬ್ಬರ ಯಂತ್ರ ಇನ್ನೊಬ್ಬರಿಗೆ ಕಾಣದಂತೆ ಬೇಕೆಂದೇ ತಡೆ ಹಾಕಿರುತ್ತಾರೆ. ಅಲ್ಲಿ ಜೋಡಣೆ ಆಗದಿದ್ದರೆ ನಿಮ್ಮ ತಪ್ಪೂ ಅಲ್ಲ, ಯಂತ್ರದ ತಪ್ಪೂ ಅಲ್ಲ.

ಆರಿದ ಟಿವಿಯನ್ನು ಎಬ್ಬಿಸುವ ಬಗೆಯೂ ಚೆಂದವಾದದ್ದು. ರಿಮೋಟಿನಿಂದ ಆಫ್ ಮಾಡಿದ ಟಿವಿ ನಿದ್ದೆ ಮಾಡುತ್ತಿರುತ್ತದೆ, ಅದರ ಜಾಲದ ಚಿಪ್ಪು ಮಾತ್ರ ಕಿವಿ ತೆರೆದುಕೊಂಡಿರುತ್ತದೆ. ಎಬ್ಬಿಸಲು ಹಲವು ಟಿವಿಗಳಲ್ಲಿ ಬಳಸುವ ಸಂದೇಶಕ್ಕೆ ‘ಮ್ಯಾಜಿಕ್ ಪ್ಯಾಕೆಟ್’ ಎಂದೇ ಹೆಸರು. ಮೊದಲಿಗೆ 255 ಎಂಬ ಸಂಖ್ಯೆ ಆರು ಸಲ, ಆಮೇಲೆ ಆ ಟಿವಿಯ ಆರು ಬೈಟ್‌ಗಳ ಗುರುತಿನ ವಿಳಾಸ ಬಿಡದೆ ಹದಿನಾರು ಸಲ. ಒಟ್ಟು 102 ಬೈಟ್. ಇಷ್ಟು ಸಲ ತನ್ನ ಹೆಸರು ಆಕಸ್ಮಿಕವಾಗಿ ಬರುವ ಸಾಧ್ಯತೆ ಇಲ್ಲವಾದ್ದರಿಂದ ಚಿಪ್ಪು ಹೆಚ್ಚು ಯೋಚಿಸದೆ ಟಿವಿಯನ್ನು ಎಬ್ಬಿಸುತ್ತದೆ. ನಮ್ಮಲ್ಲಿ ರಾತ್ರಿ ಮಲಗುವ ಮುಂಚೆ ಗೋಡೆಯ ಸ್ವಿಚ್ಚನ್ನೇ ಆರಿಸುವ, ಮಲೆನಾಡಿನಲ್ಲಿ ಗುಡುಗು ಶುರುವಾದರೆ ಪ್ಲಗ್ಗನ್ನೇ ಕೀಳುವ ಅಭ್ಯಾಸವಿದೆ. ಅದು ಬಿಡಬೇಕಾದ ಅಭ್ಯಾಸವಲ್ಲ. ಆದರೆ ಹಾಗೆ ಆರಿಸಿದ ಟಿವಿಯನ್ನು ಯಾವ ಆಜ್ಞೆಯೂ ಎಬ್ಬಿಸಲಾರದು. ಕೇಳಿಸಿಕೊಳ್ಳುವ ಚಿಪ್ಪಿಗೂ ಕರೆಂಟು ಬೇಕು.

ಇನ್ನು ಆ ತಡವಾದ ದನಿಯ ವಿಷಯ. ವೈಫೈನಲ್ಲಿ ಎಲ್ಲ ಯಂತ್ರಗಳೂ ಒಂದೇ ಗಾಳಿಯನ್ನು ಹಂಚಿಕೊಳ್ಳಬೇಕು. ಪ್ರತಿಯೊಂದೂ ಮೊದಲು ಆಲಿಸುತ್ತದೆ, ಯಾರೂ ಮಾತಾಡುತ್ತಿಲ್ಲವೆಂದರೆ ಇನ್ನೊಂದಿಷ್ಟು ಹೊತ್ತು ಕಾದು ಆಮೇಲೆ ಕಳಿಸುತ್ತದೆ. ಇಬ್ಬರ ಸಂದೇಶ ಡಿಕ್ಕಿಯಾದರೆ ಮತ್ತೆ ಕಾಯುತ್ತದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಫೋನು ತೆಗೆದು ನೋಡಿದರೆ ಎಷ್ಟು ಮನೆಗಳ ವೈಫೈ ಹೆಸರುಗಳು ಕಾಣುತ್ತವೋ ಅಷ್ಟೂ ಈ ಮೂರರೊಳಗೆ ಜಾಗ ಹುಡುಕುತ್ತಿರುತ್ತವೆ. ಹೀಗಾಗಿ ದನಿಯ ತುಣುಕುಗಳು ಒಂದೊಂದು ಒಂದೊಂದು ಹೊತ್ತಿಗೆ ಬರುತ್ತವೆ. ಬಂದದ್ದನ್ನು ಬಂದ ಹಾಗೆ ನುಡಿಸಿದರೆ ಮಾತು ಹರಿದುಹೋಗುತ್ತದೆ. ಅದಕ್ಕೆ ಸ್ಪೀಕರ್ ಒಂದಿಷ್ಟು ಶೇಖರಿಸಿಟ್ಟುಕೊಂಡು ನುಡಿಸುತ್ತದೆ. ಕಾರ್ಪೊರೇಷನ್ ನೀರು ಬಂದಾಗ ಬರಲಿ, ತಾರಸಿಯ ಟ್ಯಾಂಕು ತುಂಬಿದ್ದರೆ ಅಡುಗೆಮನೆಯ ನಲ್ಲಿ ಒಂದೇ ಸಮನೆ ಸುರಿಯುತ್ತದಲ್ಲ, ಹಾಗೆ. ಆದರೆ ಎಷ್ಟು ಶೇಖರಣೆಯೋ ಅಷ್ಟು ತಡ. ಬರಿಯ ಹಾಡಾದರೆ ಎರಡು ಸೆಕೆಂಡ್ ತಡವಾದರೂ ಯಾರಿಗೂ ಗೊತ್ತಾಗದು. ಚಿತ್ರ ಜೊತೆಗಿದ್ದರೆ ಮಾತ್ರ ಕಣ್ಣು ಲೆಕ್ಕ ಕೇಳುತ್ತದೆ.

ಎಷ್ಟು ತಡವಾದರೆ ನಮಗೆ ಗೊತ್ತಾಗುತ್ತದೆ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ ದನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಿದ್ದರೆ ನೋಡುಗರಿಗೆ ತಿಳಿಯುತ್ತದೆ. ಹಿಂದಿದ್ದರೆ ಸುಮಾರು 125 ಮಿಲಿಸೆಕೆಂಡಿನವರೆಗೂ ತಿಳಿಯುವುದಿಲ್ಲ. ಎರಡೂ ಸಮ ಅಲ್ಲದಿರುವುದು ಸೋಜಿಗ, ಆದರೆ ಸಕಾರಣ. ಪ್ರಕೃತಿಯಲ್ಲಿ ದನಿ ದೃಶ್ಯಕ್ಕಿಂತ ಮೊದಲು ಬಂದ ಉದಾಹರಣೆಯೇ ಇಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ಗ್ಯಾಲರಿಯಲ್ಲಿ 70 ಮೀಟರ್ ದೂರ ಕೂತವರಿಗೆ, ಚೆಂಡು ಬ್ಯಾಟಿಗೆ ತಾಗಿದ್ದು ಕಂಡು ಸೆಕೆಂಡಿನ ಐದನೇ ಒಂದು ಪಾಲು ಕಳೆದ ಮೇಲೆ ಸದ್ದು ಕೇಳುತ್ತದೆ. ಹುಟ್ಟಿದಾಗಿನಿಂದ ತಡವಾದ ದನಿಗೆ ಹೊಂದಿಕೊಂಡ ಮಿದುಳು ಅದನ್ನು ಕ್ಷಮಿಸುತ್ತದೆ, ಅವಸರದ ದನಿಯನ್ನು ಒಪ್ಪುವುದಿಲ್ಲ.

ಕಣ್ಣು ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಇನ್ನೊಂದು ಕಾರಣವಿದೆ: ನಾವು ಮಾತನ್ನು ಕಿವಿಯಿಂದ ಮಾತ್ರ ಕೇಳುವುದಿಲ್ಲ. 1976ರಲ್ಲಿ ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮ್ಯಾಕ್‌ಡೊನಾಲ್ಡ್ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ತೆರೆಯ ಮೇಲಿನ ಮುಖ ‘ಗ’ ಅನ್ನುತ್ತಿದೆ, ಅದಕ್ಕೆ ಕೂಡಿಸಿದ ದನಿ ‘ಬ’ ಅನ್ನುತ್ತಿದೆ. ನೋಡಿದ ಹೆಚ್ಚಿನವರಿಗೆ ಕೇಳಿಸಿದ್ದು ಎರಡೂ ಅಲ್ಲ, ‘ಡ’! ಕಣ್ಣು ಮುಚ್ಚಿದರೆ ಅದೇ ದನಿ ಮತ್ತೆ ‘ಬ’. ಕಿವಿ ಸ್ವಲ್ಪ ಮಂದವಾದ ಹಿರಿಯರು ಮಾತನಾಡುವವರ ಮುಖ ನೋಡುತ್ತ ಅರ್ಥ ಮಾಡಿಕೊಳ್ಳುತ್ತಾರೆ. ದನಿ ತುಟಿಯಿಂದ ಕಳಚಿಕೊಂಡರೆ ಮೊದಲು ಕಷ್ಟವಾಗುವುದು ಅವರಿಗೇ. ಈ ಹೊಂದಾಣಿಕೆಯನ್ನು ಬರಿಯ ಸೊಗಸಿನ ಮಾತೆಂದು ನಾನು ತಳ್ಳಿಹಾಕದಿರುವುದು ಅದಕ್ಕಾಗಿ.

ಪರಿಹಾರ ಒಂದೇ: ದನಿಯನ್ನು ಮುಂದೆ ತರಲಾಗದು, ಆದ್ದರಿಂದ ಚಿತ್ರವನ್ನು ಹಿಂದಕ್ಕೆ ಹಿಡಿಯಬೇಕು. ಸ್ಪೀಕರ್ ಇಷ್ಟು ತಡ ಮಾಡುತ್ತದೆ ಎಂದು ತಿಳಿದ ಟಿವಿ ಅಷ್ಟೇ ಹೊತ್ತು ದೃಶ್ಯವನ್ನೂ ತಡೆದಿಟ್ಟು ತೋರಿಸುತ್ತದೆ. ದನಿಯ ತುಣುಕಿನ ಮೇಲೆ ‘ಇಂಥ ಗಳಿಗೆಗೆ ನುಡಿ’ ಎಂದು ಬರೆದಿರುತ್ತದೆ. ಆದರೆ ಯಾರ ಗಡಿಯಾರದ ಗಳಿಗೆ? ಟಿವಿಯಲ್ಲೊಂದು ಸ್ಫಟಿಕ ಗಡಿಯಾರ, ಸ್ಪೀಕರಿನಲ್ಲಿ ಇನ್ನೊಂದು. ಎರಡರ ನಡುವೆ ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಇರುವುದು ಮಾಮೂಲು. ಅಷ್ಟಕ್ಕೇ ಗಂಟೆಗೆ 72 ಮಿಲಿಸೆಕೆಂಡ್ ಜಾರುತ್ತದೆ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಅದು 180 ಮಿಲಿಸೆಕೆಂಡ್: ಹೆಸರುಗಳು ಬರುವಾಗ ಸರಿಯಿದ್ದ ದನಿ ಕ್ಲೈಮ್ಯಾಕ್ಸಿಗೆ ಬರುವಷ್ಟರಲ್ಲಿ ತಪ್ಪಿರುತ್ತದೆ. ಅದಕ್ಕೆಂದೇ ಎರಡೂ ಯಂತ್ರಗಳು ನಡುನಡುವೆ ‘ನಿನ್ನಲ್ಲೀಗ ಎಷ್ಟು ಹೊತ್ತು?’ ಎಂದು ಕೇಳಿಕೊಳ್ಳುತ್ತವೆ, ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿದ ಕಾಲವನ್ನು ಲೆಕ್ಕಕ್ಕೆ ಹಿಡಿದು ತಮ್ಮ ಗಡಿಯಾರ ತಿದ್ದಿಕೊಳ್ಳುತ್ತವೆ. 1980ರ ದಶಕದಲ್ಲಿ ಡೇವಿಡ್ ಮಿಲ್ಸ್ ಇಂಟರ್‌ನೆಟ್ಟಿನ ಕಂಪ್ಯೂಟರುಗಳಿಗಾಗಿ ರೂಪಿಸಿದ ಕಾಲಹೊಂದಾಣಿಕೆಯ ತತ್ವವೂ ಇದೇ. ವಿಡಿಯೊ ಗೇಮ್‌ನಲ್ಲಿ ಈ ಉಪಾಯ ನಡೆಯದು. ಗುಂಡಿ ಒತ್ತಿದ ಮೇಲೆ ದೃಶ್ಯವೇ ತಡವಾದರೆ ಆಟ ಕೆಡುತ್ತದೆ. ಆಡುವವರು ಟಿವಿಯ ಸ್ವಂತ ಸ್ಪೀಕರನ್ನೋ ತಂತಿಯನ್ನೋ ನೆಚ್ಚುವುದೇ ಸರಿ.

ಕೊಳ್ಳುವ ಮುಂಚೆ ತಿಳಿದಿರಬೇಕಾದ್ದು ಇನ್ನೊಂದಿದೆ. ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ ಫೈರ್ ಟಿವಿ ಸ್ಟಿಕ್ಕನ್ನು ಎಕೋಗೆ ಜೋಡಿಸಿದರೆ ಸ್ಪೀಕರಿಗೆ ಹೋಗುವುದು ಆ ಸ್ಟಿಕ್ಕಿನ ಆಪ್‌ಗಳ ದನಿ. ಪಕ್ಕದ ಕಿಂಡಿಯಲ್ಲಿರುವ ಡಿಟಿಎಚ್ ಸೆಟ್‌ಟಾಪ್ ಬಾಕ್ಸಿನ ದನಿ ಆ ಸ್ಟಿಕ್ಕಿನೊಳಗೆ ಹಾದುಹೋಗುವುದೇ ಇಲ್ಲ, ಹಾಗಾಗಿ ಧಾರಾವಾಹಿ, ವಾರ್ತೆ ಟಿವಿಯಲ್ಲೇ ಕೇಳಿಸುತ್ತವೆ. ಟಿವಿಯ ಎಲ್ಲ ದನಿಯೂ ಹೊರಗಿನ ಸ್ಪೀಕರಿನಲ್ಲಿ ಬರಬೇಕಾದರೆ 2009ರಿಂದ ಬಳಕೆಯಲ್ಲಿರುವ ‘ಎಆರ್‌ಸಿ’ ಎಂಬ ಎಚ್‌ಡಿಎಂಐ ಸಂಪರ್ಕವುಳ್ಳ ಸ್ಪೀಕರ್ ಕೊಳ್ಳಿ. ಆಜ್ಞೆಗೆ ವೈಫೈ, ದನಿಗೆ ತಂತಿ ಅನ್ನುವುದು ನನ್ನ ಶಿಫಾರಸು. ದನಿ ಸ್ಮಾರ್ಟ್ ಸ್ಪೀಕರಿನಿಂದಲೇ ಹೊರಟರೆ ಒಂದು ಲಾಭವೂ ಇದೆ, ನಿಜ: ತಾನೇನು ನುಡಿಸುತ್ತಿದ್ದೇನೆ ಎಂದು ಅದಕ್ಕೆ ಗೊತ್ತಿರುವುದರಿಂದ, ಮೈಕಿಗೆ ಬಿದ್ದ ಸದ್ದಿನಿಂದ ಅದನ್ನು ಕಳೆದು ನಿಮ್ಮ ಮಾತನ್ನು ಸುಲಭವಾಗಿ ಹೆಕ್ಕುತ್ತದೆ. ಟಿವಿಯದೇ ದನಿ ಜೋರಾಗಿದ್ದರೆ ಈ ಕಳೆಯುವ ಲೆಕ್ಕ ಅದಕ್ಕೆ ಸಿಗದು. ಆಗ ನೀವು ಕೂಗಬೇಕಾಗುತ್ತದೆ.

ಜೋಡಿಸಿದ ಮೇಲೆ ಪರೀಕ್ಷಿಸುವುದು ಸುಲಭ. ಯಾರಾದರೂ ಕ್ಯಾಮೆರಾದ ಎದುರು ಕೂತು ಮಾತಾಡಿರುವ ಕನ್ನಡ ಸಂದರ್ಶನವೊಂದನ್ನು ಸ್ಟಿಕ್ಕಿನ ಆಪ್‌ನಲ್ಲಿ ಹಾಕಿ, ಮೊದಲು ಟಿವಿಯ ಸ್ವಂತ ಸ್ಪೀಕರಿನಲ್ಲಿ, ಆಮೇಲೆ ಸ್ಮಾರ್ಟ್ ಸ್ಪೀಕರಿನಲ್ಲಿ ಕೇಳಿ. ಗಮನವಿಡಬೇಕಾದ್ದು ಪ, ಬ, ಮ ಅಕ್ಷರಗಳ ಮೇಲೆ. ತುಟಿ ಪೂರ್ತಿ ಮುಚ್ಚದೆ ಇವನ್ನು ಉಚ್ಚರಿಸಲು ಬರುವುದಿಲ್ಲ. ಅಪ್ಪ, ಅಮ್ಮ, ಹಬ್ಬದಂಥ ಒತ್ತಕ್ಷರಗಳಲ್ಲಿ ತುಟಿ ಇನ್ನೂ ಸ್ವಲ್ಪ ಹೊತ್ತು ಮುಚ್ಚಿಯೇ ಇರುತ್ತದೆ. ತುಟಿ ತೆರೆದ ಮೇಲೂ ‘ಮ್ಮ’ ಎಳೆಯುತ್ತಿದ್ದರೆ ದನಿ ತಡವಾಗಿದೆ. ಸೆಟ್ಟಿಂಗ್ಸ್‌ನ ಆಡಿಯೊ ಭಾಗದಲ್ಲಿ ‘ಎವಿ ಸಿಂಕ್’ ಅಥವಾ ‘ಲಿಪ್ ಸಿಂಕ್’ ಎಂದಿರುವ ಕಡೆ ಹೋಗಿ ಸ್ವಲ್ಪಸ್ವಲ್ಪವೇ ಬದಲಿಸುತ್ತ ಅದೇ ಸಂದರ್ಶನವನ್ನು ಮತ್ತೆ ನೋಡಿ. ಡಬ್ ಆದ ಸಿನಿಮಾ ಈ ಪರೀಕ್ಷೆಗೆ ಆಗದು, ಅಲ್ಲಿ ತುಟಿ ಆಡುವ ಭಾಷೆಯೇ ಬೇರೆ.