ಆರೋಗ್ಯವಂತರ ಮೇಲೆ ಔಷಧದ ಪರೀಕ್ಷೆ

ಹೋಮಿಯೋಪತಿ ವೈದ್ಯರ ಬಳಿಗೆ ಹೋದವರಿಗೆಲ್ಲ ಒಂದು ಅನುಭವವಾಗಿರುತ್ತದೆ. ವೈದ್ಯರು ಕಾಯಿಲೆಯ ಹೆಸರು ಕೇಳಿ ಸುಮ್ಮನಾಗುವುದಿಲ್ಲ. ತಲೆನೋವು ಎಡಕ್ಕೋ ಬಲಕ್ಕೋ, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಬಾಯಾರಿಕೆ ಉಂಟೇ, ಚಳಿ ತಡೆಯುತ್ತೀರಾ, ಎಂಥ ಕನಸು ಬೀಳುತ್ತದೆ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ. ಉತ್ತರಗಳನ್ನು ಬರೆದುಕೊಂಡು, ದಪ್ಪನೆಯ ಗ್ರಂಥವೊಂದನ್ನು ತಿರುವಿ ನೋಡಿ, ಆಮೇಲೆ ಸಕ್ಕರೆಯ ಸಣ್ಣ ಗುಳಿಗೆಗಳನ್ನು ಕೊಡುತ್ತಾರೆ. ಆ ಗ್ರಂಥದಲ್ಲಿ ಏನಿದೆ? ಅದರಲ್ಲಿರುವ ಮಾತುಗಳು ಎಲ್ಲಿಂದ ಬಂದವು? ಅವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಈ ಪ್ರಶ್ನೆಗಳು ನಮಗೆ ದೂರದವಲ್ಲ. ಜರ್ಮನಿಯ ಪಾದ್ರಿ ಆಗಸ್ಟಸ್ ಮುಲ್ಲರ್ ಅವರು 1880ರಲ್ಲೇ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು. ಈ ಪದ್ಧತಿಯನ್ನು ಮೆಚ್ಚುವ ಮನೆಗಳೂ ಶಂಕಿಸುವ ಮನೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಅದರ ತಳಹದಿಯನ್ನು ತಿಳಿದುಕೊಳ್ಳುವುದು ಇಬ್ಬರಿಗೂ ಅಗತ್ಯ.

ಆ ದಪ್ಪ ಗ್ರಂಥಕ್ಕೆ ಮೆಟೀರಿಯಾ ಮೆಡಿಕಾ ಎಂದು ಹೆಸರು. ಒಂದೊಂದು ಔಷಧದ ಕೆಳಗೂ, ಅದನ್ನು ಆರೋಗ್ಯವಂತರು ಸೇವಿಸಿದಾಗ ಅವರಲ್ಲಿ ಕಾಣಿಸಿಕೊಂಡವೆಂದು ಹೇಳುವ ಲಕ್ಷಣಗಳ ಪಟ್ಟಿ ಅದರಲ್ಲಿದೆ. ವಿಷಪ್ರಸಂಗಗಳಿಂದಲೂ ರೋಗಿಗಳ ಅನುಭವದಿಂದಲೂ ಕಲೆಹಾಕಿದ ಸಂಗತಿಗಳು ಸೇರಿವೆಯಾದರೂ ಮುಖ್ಯ ಆಧಾರ ಈ ಪರೀಕ್ಷೆಯೇ. ಆರೋಗ್ಯವಂತನಲ್ಲಿ ಔಷಧವು ಯಾವ ಲಕ್ಷಣಗಳನ್ನು ಹುಟ್ಟಿಸುವುದೋ, ರೋಗಿಯಲ್ಲಿ ಅಂಥವೇ ಲಕ್ಷಣಗಳನ್ನು ನೀಗುವುದು ಎಂಬುದು ಹೋಮಿಯೋಪತಿಯ ಮೂಲಸೂತ್ರ. ಆದ್ದರಿಂದ ಪಟ್ಟಿ ತಪ್ಪಾದರೆ ಔಷಧದ ಆಯ್ಕೆಯೂ ತಪ್ಪಾಗುತ್ತದೆ. ಇಂಗ್ಲಿಷಿನಲ್ಲಿ ಈ ಪರೀಕ್ಷೆಯನ್ನು ‘ಪ್ರೂವಿಂಗ್’ ಎನ್ನುತ್ತಾರೆ. ಜರ್ಮನ್ ಭಾಷೆಯ ಮೂಲಪದಕ್ಕೆ ‘ಪರೀಕ್ಷಿಸಿ ನೋಡುವುದು’ ಎಂದಷ್ಟೇ ಅರ್ಥ. ‘ರುಜುವಾತು’ ಎಂಬ ಅರ್ಥ ಅದಕ್ಕಿಲ್ಲ.

ಈ ಕ್ರಮದ ಆದಿಪುರುಷ ಜರ್ಮನಿಯ ಸ್ಯಾಮುಯೆಲ್ ಹಾನೆಮನ್ (1755–1843). 1790ರಲ್ಲಿ ಅವನು ಸ್ಕಾಟ್ಲೆಂಡಿನ ವೈದ್ಯ ವಿಲಿಯಂ ಕಲನ್ ಬರೆದ ಗ್ರಂಥವನ್ನು ಜರ್ಮನ್ ಭಾಷೆಗೆ ಅನುವಾದಿಸುತ್ತಿದ್ದನು. ಸಿಂಕೋನ ಮರದ ತೊಗಟೆ ಚಳಿಜ್ವರವನ್ನು ಬಿಡಿಸುವುದಕ್ಕೆ ಅದರ ಕಹಿಯೂ ಒಗರೂ ಹೊಟ್ಟೆಗೆ ಕೊಡುವ ಬಲವೇ ಕಾರಣವೆಂದು ಕಲನ್ ಹೇಳಿದ್ದು ಅವನಿಗೆ ಒಪ್ಪಿಗೆಯಾಗಲಿಲ್ಲ. ತಾನೇ ದಿನಕ್ಕೆರಡು ಬಾರಿ, ಸಲಕ್ಕೆ ಸುಮಾರು 15 ಗ್ರಾಂನಷ್ಟು ತೊಗಟೆಯ ಪುಡಿಯನ್ನು ಕೆಲವು ದಿನ ಸೇವಿಸಿದನು. ಕಾಲೂ ಬೆರಳ ತುದಿಗಳೂ ತಣ್ಣಗಾದವು; ಎದೆ ಡವಗುಟ್ಟಿತು; ಮೈ ನಡುಗಿತು; ಬಾಯಾರಿಕೆಯಾಯಿತು. ಪುಡಿ ನಿಲ್ಲಿಸಿದಾಗ ಇವೂ ನಿಂತವು. ಚಳಿಜ್ವರವನ್ನು ಬಿಡಿಸುವ ವಸ್ತುವೇ ಚಳಿಜ್ವರದಂಥ ಸ್ಥಿತಿಯನ್ನು ತರುತ್ತದೆ ಎಂದು ಅವನು ಊಹಿಸಿದನು. 1796ರಲ್ಲಿ ಆ ಊಹೆಯನ್ನು ಲೇಖನವಾಗಿ ಪ್ರಕಟಿಸಿದನು. 1810ರಲ್ಲಿ ‘ಆರ್ಗನಾನ್’ ಎಂಬ ಗ್ರಂಥದಲ್ಲಿ ಶಾಸ್ತ್ರವಾಗಿ ಕಟ್ಟಿದನು.

ಹಾನೆಮನ್ನನಿಗೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸೋಣ. ರೋಗಿಯ ರಕ್ತ ಹರಿಸುವುದೇ ಚಿಕಿತ್ಸೆಯಾಗಿದ್ದ, ಹತ್ತಾರು ಮದ್ದುಗಳನ್ನು ಒಟ್ಟಿಗೆ ಕಲಸಿ ಕುಡಿಸುತ್ತಿದ್ದ ಕಾಲ ಅದು. ಆಗ ಅವನು, ಒಂದು ಸಲಕ್ಕೆ ಒಂದೇ ಔಷಧವನ್ನು ಕೊಟ್ಟು ಪರಿಣಾಮ ನೋಡಿರಿ ಎಂದನು. ಪರೀಕ್ಷೆಗೆ ಒಳಗಾಗುವವರು ಕಾಫಿ, ಮದ್ಯ, ಮಸಾಲೆಗಳನ್ನು ಬಿಟ್ಟು ಮಿತವಾಗಿ ಉಣ್ಣಬೇಕು, ಮೈಗೂ ಮನಸ್ಸಿಗೂ ಆದ ಬದಲಾವಣೆಯನ್ನೆಲ್ಲ ಹೊತ್ತು ಸಹಿತ ಬರೆದಿಡಬೇಕು ಎಂದು ನಿಯಮ ಮಾಡಿದನು. ಇಂದಿನ ವೈದ್ಯವಿಜ್ಞಾನವೂ ಅನೇಕ ಹೊಸ ಔಷಧಗಳನ್ನು ಮೊದಲು ಆರೋಗ್ಯವಂತ ಸ್ವಯಂಸೇವಕರಿಗೇ ಕೊಟ್ಟು ನೋಡುತ್ತದೆ.

ಹಾಗಾದರೆ ತೊಡಕೆಲ್ಲಿ? ಮೊದಲನೆಯದು ಸಿಂಕೋನದಲ್ಲೇ ಇದೆ. 1820ರಲ್ಲಿ ಪೆಲ್ಟಿಯೇ ಮತ್ತು ಕಾವಂಟೂ ಎಂಬ ಫ್ರೆಂಚ್ ವಿಜ್ಞಾನಿಗಳು ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. 1880ರಲ್ಲಿ ಲಾವೆರಾನ್ ಎಂಬ ವೈದ್ಯನು ರೋಗಿಯ ರಕ್ತದಲ್ಲಿ ಮಲೇರಿಯದ ಪರೋಪಜೀವಿಯನ್ನು ಕಂಡನು. ಕ್ವಿನೈನು ಆ ಪರೋಪಜೀವಿಯನ್ನು ಕೊಲ್ಲುವುದರಿಂದ ಜ್ವರ ಬಿಡುತ್ತದೆ. ಮಲೆನಾಡಿನ ಹಿರಿಯರಲ್ಲಿ ಅದರ ಕಹಿಯನ್ನು ಬಲ್ಲವರು ಇನ್ನೂ ಇದ್ದಾರು. ಅದನ್ನು ಹೆಚ್ಚಾಗಿ ಸೇವಿಸಿದವರಿಗೆ ಕಿವಿ ಗುಂಯ್‌ಗುಡುತ್ತದೆ, ತಲೆ ನೋಯುತ್ತದೆ, ಹೊಟ್ಟೆ ತೊಳಸುತ್ತದೆ. ಬಿಟ್ಟು ಬಿಟ್ಟು ಬರುವ ಚಳಿಜ್ವರ ಹುಟ್ಟುವುದಿಲ್ಲ. ಒಬ್ಬನ ಮೈಯಲ್ಲಿ ಕಂಡದ್ದನ್ನು ಎಲ್ಲರ ಮೈಗೂ ಅನ್ವಯಿಸಲಾಗದು.

ಎರಡನೆಯ ತೊಡಕು ಇನ್ನೂ ಆಳವಾದದ್ದು. ಅದನ್ನು ನೀವು ಖರ್ಚಿಲ್ಲದೆ ಮನೆಯಲ್ಲೇ ನೋಡಬಹುದು. ಯಾವ ಔಷಧವನ್ನೂ ಮುಟ್ಟದೆ ಮೂರು ದಿನ ಒಂದು ಪುಸ್ತಕವನ್ನು ಹತ್ತಿರವಿಟ್ಟುಕೊಳ್ಳಿ. ಎಲ್ಲಿ ತುರಿಸಿತು, ಯಾವಾಗ ಆಕಳಿಕೆ ಬಂತು, ಮಂಡಿ ಯಾವಾಗ ಹಿಡಿದುಕೊಂಡಿತು, ಯಾರ ಮೇಲೆ ಸಿಡುಕಿದಿರಿ, ಯಾವ ಕನಸು ಬಿತ್ತು ಎಂಬುದೆಲ್ಲವನ್ನೂ ಬರೆಯಿರಿ. ಪುಟಗಳು ತುಂಬುವುದನ್ನು ಕಂಡು ನಿಮಗೇ ಬೆರಗಾದೀತು. 1968ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಔಷಧವನ್ನೇ ಸೇವಿಸದ 414 ಮಂದಿ ಆರೋಗ್ಯವಂತರನ್ನು ಹಿಂದಿನ ಮೂರು ದಿನಗಳ ಬಗ್ಗೆ ಇದೇ ಬಗೆಯಾಗಿ ವಿಚಾರಿಸಿದರು. ತಮಗೆ ಏನೂ ಆಗಲಿಲ್ಲವೆಂದವರು ನೂರಕ್ಕೆ 19 ಮಂದಿ ಮಾತ್ರ. ಉಳಿದವರಲ್ಲಿ ದಣಿವು, ತಲೆನೋವು, ನಿದ್ದೆಗೇಡು ಮುಂತಾದ ಒಂದಲ್ಲ ಒಂದು ಲಕ್ಷಣ ಇದ್ದೇ ಇತ್ತು. ಆ ದಿನಗಳಲ್ಲಿ ಅವರ ಕೈಗೆ ಒಂದು ಗುಳಿಗೆ ಕೊಟ್ಟಿದ್ದರೆ, ಇವೆಲ್ಲವೂ ಆ ಗುಳಿಗೆಯ ಲೆಕ್ಕಕ್ಕೆ ಸೇರುತ್ತಿದ್ದವು.

ಇದಕ್ಕೆ ಪರಿಹಾರವಿದೆ, ಅದನ್ನು ಹಾನೆಮನ್ನನು ಬದುಕಿದ್ದಾಗಲೇ ಒಂದೂರಿನ ಜನ ಮಾಡಿ ತೋರಿಸಿದರು. ನ್ಯೂರೆಂಬರ್ಗ್ ನಗರದಲ್ಲಿ ಹೋಮಿಯೋಪತಿಯ ಬಗ್ಗೆ ಬಿಸಿಬಿಸಿ ವಾದ ನಡೆದಿತ್ತು. ಅಡಿಗೆಯ ಉಪ್ಪನ್ನೇ ಮೂವತ್ತು ಸಲ ತೆಳುಮಾಡಿ ಕೊಟ್ಟರೂ ಪರಿಣಾಮ ಗೊತ್ತಾಗುತ್ತದೆ ಎಂದು ಅಲ್ಲಿನ ಹೋಮಿಯೋಪತಿ ವೈದ್ಯನ ವಾದ. 1835ರ ಫೆಬ್ರವರಿಯಲ್ಲಿ ಒಂದು ಛತ್ರದಲ್ಲಿ ಪೌರರ ಸಭೆ ಸೇರಿತು. ನೂರು ಶೀಶೆಗಳಿಗೆ ಸಂಖ್ಯೆ ಹಾಕಿ, ಕಲಸಿ, ಎರಡು ಪಾಲು ಮಾಡಿದರು. ಒಂದು ಪಾಲಿಗೆ ಬಟ್ಟಿ ಇಳಿಸಿದ ಹಿಮದ ನೀರು, ಇನ್ನೊಂದಕ್ಕೆ ಅದೇ ನೀರಿನಲ್ಲಿ ತೆಳುಮಾಡಿದ ಉಪ್ಪಿನ ಔಷಧ. ಯಾವ ಸಂಖ್ಯೆಯಲ್ಲಿ ಏನಿದೆ ಎಂಬ ಪಟ್ಟಿಗೆ ಮುದ್ರೆಯೊತ್ತಿ ಇಟ್ಟರು. ಕುಡಿದವರಿಗೂ ಕೊಟ್ಟವರಿಗೂ ಗುಟ್ಟು ತಿಳಿಯದು. ಮೂರು ವಾರಗಳ ತರುವಾಯ 50 ಮಂದಿಯಿಂದ ವರದಿ ಬಂದಿತ್ತು. 42 ಮಂದಿಗೆ ಏನೂ ವಿಶೇಷ ಕಂಡಿರಲಿಲ್ಲ. ಏನೋ ಆಯಿತೆಂದ ಎಂಟು ಮಂದಿಯಲ್ಲಿ ಐವರು ಔಷಧ ಕುಡಿದವರು, ಮೂವರು ಬರಿಯ ನೀರು ಕುಡಿದವರು! ಐವತ್ತು ಮಂದಿಯ ಲೆಕ್ಕ ಚಿಕ್ಕದೇ ಸರಿ. ಆದರೆ ಪರೀಕ್ಷೆ ನಡೆಯಬೇಕಾದ ದಾರಿಯನ್ನು ಅದು ತೋರಿಸಿತು.

‘ಮೂವತ್ತು ಸಲ ತೆಳುಮಾಡುವುದು’ ಎಂದರೇನು? ಒಂದು ತೊಟ್ಟು ಮೂಲವಸ್ತುವಿಗೆ ತೊಂಬತ್ತೊಂಬತ್ತು ತೊಟ್ಟು ನೀರು ಅಥವಾ ಮದ್ಯಸಾರ ಬೆರೆಸಿ ಕುಲುಕುವುದು. ಅದರಲ್ಲಿ ಒಂದು ತೊಟ್ಟು ತೆಗೆದು ಮತ್ತೆ ತೊಂಬತ್ತೊಂಬತ್ತರಲ್ಲಿ ಬೆರೆಸುವುದು. ಹೀಗೆ ಮೂವತ್ತು ಸಲ. ಕೊನೆಗೆ ಮೂಲವಸ್ತುವಿನ ಪ್ರಮಾಣ, ಒಂದರ ಮುಂದೆ ಅರುವತ್ತು ಸೊನ್ನೆ ಬರೆದರೆ ಬರುವ ಸಂಖ್ಯೆಯಲ್ಲಿ ಒಂದು ಭಾಗ. ರಸಾಯನಶಾಸ್ತ್ರದ ಲೆಕ್ಕದಂತೆ ಹನ್ನೆರಡನೆಯ ಸಲ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಂಭವ ಕಡಿಮೆ. ಅಣುಗಳನ್ನು ಎಣಿಸುವ ಲೆಕ್ಕ ಹಾನೆಮನ್ನನ ಕಾಲಕ್ಕೆ ಇನ್ನೂ ಬಂದಿರಲಿಲ್ಲ.

ಈಗ ಬೆಲ್ಲಡೋನವನ್ನು ನೋಡೋಣ. ಇದು ನಮ್ಮ ಹಿತ್ತಿಲ ಉಮ್ಮತ್ತದ ಜಾತಿಗೆ ಸೇರಿದ ವಿಷದ ಗಿಡ. ಅದರ ರಸ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಮುಖ ಕೆಂಪಾಗುತ್ತದೆ, ಕಣ್ಣಿನ ಪಾಪೆ ಅರಳುತ್ತದೆ, ಬುದ್ಧಿ ಭ್ರಮಿಸುತ್ತದೆ. ಇದರಲ್ಲಿ ವಿವಾದವೇ ಇಲ್ಲ. ವಿವಾದವಿರುವುದು ಮೂವತ್ತು ಸಲ ತೆಳುಮಾಡಿದ ಬೆಲ್ಲಡೋನದ ಬಗ್ಗೆ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ, ಪರ್ಯಾಯ ವೈದ್ಯಪದ್ಧತಿಗಳನ್ನೇ ಅಧ್ಯಯನ ಮಾಡುವ ತಂಡವೊಂದು 206 ಮಂದಿ ಆರೋಗ್ಯವಂತರ ಮೇಲೆ ಇದನ್ನು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿತು. ಯಾವ ಲಕ್ಷಣ ಎಷ್ಟು ಕಂಡರೆ ಔಷಧದ ಪರಿಣಾಮವೆಂದು ಎಣಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿದ್ದರು. ಬೆಲ್ಲಡೋನ ಪಡೆದವರಲ್ಲಿ 14 ಮಂದಿ, ಬರಿಯ ಗುಳಿಗೆ ಪಡೆದವರಲ್ಲಿ 15 ಮಂದಿ ಆ ಲೆಕ್ಕಕ್ಕೆ ಬಂದರು. ಎಂದರೆ ಎರಡು ಕಡೆಯೂ ನೂರಕ್ಕೆ ಸುಮಾರು 14 ಮಂದಿ.

ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರಬಾರದೆಂದು ನೀವು ಹೇಳಬಹುದು, ಅದು ನ್ಯಾಯವೇ. 1945ರಿಂದ 1995ರವರೆಗೆ ಪ್ರಕಟವಾದ ಇಂಥ 156 ಪರೀಕ್ಷೆಗಳನ್ನು ಬ್ರೆಜಿಲಿನ ಫ್ಲಾವಿಯೊ ದಾಂತಾಸ್ ಮತ್ತು ಸಂಗಡಿಗರು ಒಟ್ಟಿಗೆ ಪರಿಶೀಲಿಸಿದರು. 143 ಔಷಧಗಳು, 2,815 ಸ್ವಯಂಸೇವಕರು, 20,538 ಲಕ್ಷಣಗಳು! ಆ ವಿಮರ್ಶೆ 2007ರಲ್ಲಿ ಹೋಮಿಯೋಪತಿಯ ಪತ್ರಿಕೆಯಲ್ಲೇ ಅಚ್ಚಾಯಿತು. ಬಹುಪಾಲು ಪರೀಕ್ಷೆಗಳಲ್ಲಿ ಹೋಲಿಕೆಯ ಗುಂಪು, ಗುಟ್ಟು ಕಾಯುವಿಕೆ, ಲಕ್ಷಣಗಳನ್ನು ಆರಿಸುವ ನಿಯಮ ಇವುಗಳಲ್ಲಿ ಲೋಪ ಕಂಡುಬಂದಿತು. ಪರೀಕ್ಷೆ ಎಷ್ಟು ಬಿಗಿಯಾಗಿತ್ತೋ ಅಷ್ಟಕ್ಕಷ್ಟೇ ಲಕ್ಷಣಗಳು ಕಡಿಮೆಯಾಗಿದ್ದವು. ಔಷಧಕ್ಕೆ ನಿಜವಾದ ಶಕ್ತಿಯಿದ್ದರೆ, ಬಿಗಿಯಾದ ಪರೀಕ್ಷೆಯಲ್ಲಿ ಅದು ಹೆಚ್ಚು ಸ್ಪಷ್ಟವಾಗಿ ಕಾಣಬೇಕಿತ್ತು.

ನಮ್ಮ ದೇಶದಲ್ಲಿ 1978ರಲ್ಲಿ ಸ್ಥಾಪಿತವಾದ ಕೇಂದ್ರೀಯ ಹೋಮಿಯೋಪತಿ ಸಂಶೋಧನಾ ಪರಿಷತ್ತು ಸಹ ಬರಿಯ ಗುಳಿಗೆಯ ಹೋಲಿಕೆಯನ್ನಿಟ್ಟುಕೊಂಡು, ಗುಟ್ಟು ಕಾಯ್ದುಕೊಂಡು ಪರೀಕ್ಷೆ ನಡೆಸುವ ಕ್ರಮವನ್ನು ಅಂಗೀಕರಿಸಿದೆ. ಹೋಲಿಕೆಯಿಲ್ಲದ ಪರೀಕ್ಷೆ ಸಾಲದೆಂಬುದನ್ನು ಈ ಪದ್ಧತಿಯವರೇ ಒಪ್ಪಿದಂತಾಯಿತು. ಆದರೆ ಗ್ರಂಥದಲ್ಲಿರುವ ಹಳೆಯ ಪಟ್ಟಿಗಳ ಬಹುಭಾಗ ಅಂಥ ಹೋಲಿಕೆಯಿಲ್ಲದ ಕಾಲದ್ದು.

ವೈದ್ಯರು ಅರ್ಧ ಗಂಟೆ ಕುಳಿತು ನಿಮ್ಮ ಮಾತು ಕೇಳಿದರೆ ಮನಸ್ಸಿಗೆ ಸಮಾಧಾನವಾಗುವುದು ನಿಜ. ಅದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಯಾವುದೇ ಪದ್ಧತಿಯ ಔಷಧವಿರಲಿ, ‘ಪರೀಕ್ಷಿಸಿದ್ದು’ ಎಂಬ ಮಾತು ಕಿವಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳಿರಿ. ಬರಿಯ ಗುಳಿಗೆ ಪಡೆದ ಗುಂಪೊಂದು ಇತ್ತೆ? ಯಾರಿಗೆ ಯಾವುದು ಸಿಕ್ಕಿತೆಂಬುದು ಕೊನೆಯವರೆಗೂ ಗುಟ್ಟಾಗಿತ್ತೆ? ಫಲವನ್ನು ಎಣಿಸುವ ನಿಯಮ ಮೊದಲೇ ಗೊತ್ತಾಗಿತ್ತೆ? ಇನ್ನು ಮನೆಯಲ್ಲಿ ಯಾರಿಗಾದರೂ ನಡುಕದೊಡನೆ ಜ್ವರ ಬಂದರೆ, ಲಕ್ಷಣಗಳ ಪಟ್ಟಿಯನ್ನು ಹುಡುಕುತ್ತ ಕೂರದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿರಿ. ಮಲೇರಿಯವಾಗಿದ್ದರೆ ಒಂದೆರಡು ದಿನದ ವಿಳಂಬವೂ ಪ್ರಾಣಕ್ಕೆ ಅಪಾಯ ತಂದೀತು.